ಪೊರಕೆಯಕ್ಕ ಬಾರದ ಬೆಳಿಗ್ಗೆ

ನಮ್ಮೂರಿನ ರೈಲು ಸ್ಟಾಪು ಎಂದರೆ ಮೊಣಕಾಲೆತ್ತರದ ಒಂದು ಕಟ್ಟೆ, ಒಂದು ತಗಡಿನ ಚಪ್ಪರ, ಅಷ್ಟೇ. ಇಪ್ಪತ್ತೆರಡು ವರ್ಷದಿಂದ ಒಂದು ದಿನವೂ ತಪ್ಪದೆ ಅದನ್ನು ಗುಡಿಸುತ್ತಿದ್ದವಳು ಪೊರಕೆಯಕ್ಕ. ಗಂಡ ಸತ್ತ ವರ್ಷ, ಕೈಕೂಸನ್ನು ಕಂಕುಳಲ್ಲಿಟ್ಟುಕೊಂಡು ಕೆಲಸಕ್ಕೆ ಸೇರಿದವಳು.

ಏಳೂ ಐವತ್ತರ ಗಾಡಿ ಬರುವ ಹೊತ್ತಿಗೆ ಗುಡಿಸಿ ಮುಗಿಸಿ, ಕಟ್ಟೆಯ ತುದಿಯಲ್ಲಿ ಬಿಸಿಲಿಗೆ ನಿಂತುಬಿಡುತ್ತಿದ್ದಳು. ಯಾಕಕ್ಕ ಎಂದರೆ, "ಕಿಟಕಿ ಮುಖ ನೋಡೋದೇ ನಂಗೆ ಸಿನಿಮಾ ಮೇಷ್ಟ್ರೇ" ಅನ್ನುವಳು. ಪಟ್ಟಣದ ಶಾಲೆಗೆ ಹೋಗುವ ನಾನು, ಇನ್ನೂ ಇಪ್ಪತ್ತು ಜನ, ಚಪ್ಪರದ ಹಿಂದಿನ ನೆರಳಲ್ಲಿ ಹರಟೆ ಹೊಡೆಯುತ್ತಿದ್ದೆವು. ಗಾಡಿ ಪೂರ್ತಿ ನಿಂತ ಮೇಲೆಯೇ ಏಳುವುದು ನಮ್ಮ ದೊಡ್ಡಸ್ತಿಕೆ.

ಆ ಸೋಮವಾರ ಅವಳಿಗೆ ಕೆಂಡದಂಥ ಜ್ವರ. ಅದೇ ದಿನ ಮಗಳಿಗೆ ನರ್ಸಿಂಗ್ ಪ್ರವೇಶ ಪರೀಕ್ಷೆ. ಒಂಬತ್ತಕ್ಕೆ ಬಾಗಿಲು ಮುಚ್ಚುತ್ತಾರೆ, ವಯಸ್ಸಿನ ಲೆಕ್ಕಕ್ಕೆ ಇದೇ ಕೊನೆಯ ವರ್ಷ. ಮಗಳು ಹೊರಡಲು ಹಿಂದೆಮುಂದೆ ನೋಡಿದಾಗ ತಾಯಿ ಗದರಿಸಿದಳಂತೆ: "ಜ್ವರ ಬಂದಿರೋದು ನಂಗೆ, ರೈಲಿಗಲ್ಲ. ನಡಿ."

ಹುಡುಗಿ ನಮ್ಮ ಪಕ್ಕದಲ್ಲೇ ಪುಸ್ತಕ ಬಿಡಿಸಿಕೊಂಡು ಕೂತಳು. ಗಾಡಿ ಕೂಗಿತು. ನಾವು ಕದಲಲಿಲ್ಲ. ಆಮೇಲೆ ಚಪ್ಪರದ ತಗಡು ಗಡಗಡ ನಡುಗಿತು. ನಾನು ಎದ್ದು ಇಣುಕಿದರೆ ಕೊನೆಯ ಬೋಗಿ ಕಟ್ಟೆ ದಾಟುತ್ತಿತ್ತು. ನಿಲ್ಲದೆ ಹೋದ ಗಾಡಿಯನ್ನು ನಾವ್ಯಾರೂ ಜನ್ಮದಲ್ಲಿ ನೋಡಿರಲಿಲ್ಲ. ಹುಡುಗಿ ಕಂಬಿಯ ಗುಂಟ ಓಡಿದಳು, ನಾವೂ ಓಡಿದೆವು, ಬೊಬ್ಬೆ ಹೊಡೆದೆವು. ಮುಂದಿನ ಬಸ್ಸು ಹತ್ತು ಗಂಟೆಗೆ. ಅವಳು ಕಂಬಿಯ ಮೇಲೆ ಕೂತವಳು ಎಷ್ಟು ಕರೆದರೂ ಏಳಲಿಲ್ಲ.

ಮರುದಿನ ಪೊರಕೆಯಕ್ಕ ಜ್ವರದಲ್ಲೇ ಬಂದು ಎಂದಿನ ಜಾಗದಲ್ಲಿ ನಿಂತಿದ್ದಳು. ಗಾಡಿ ನಿಂತಿತು. ನಾನು ಡ್ರೈವರನ ಮೇಲೆ ಹರಿಹಾಯ್ದೆ.

"ನಿನ್ನೆ ಯಾಕ್ರೀ ನಿಲ್ಲಿಸಲಿಲ್ಲ?"

"ಕಟ್ಟೆ ಮೇಲೆ ಒಂದು ನರಪಿಳ್ಳೆ ಇರಲಿಲ್ಲವಲ್ಲ ಸಾರ್. ಇದು ಜನ ಕಂಡರೆ ಮಾತ್ರ ನಿಲ್ಲಿಸೋ ಸ್ಟಾಪು." ಅವನು ಕತ್ತು ಚಾಚಿ ಅವಳತ್ತ ನೋಡಿದ. "ನಂಗಿಂತ ಮುಂಚೆ ಇದ್ದೋರೂ ಹೇಳ್ಕೊಟ್ಟಿದ್ರು. ಪೊರಕೆ ಅಮ್ಮ ನಿಂತಿದ್ರೆ ಬ್ರೇಕ್ ಹಾಕು, ಇಲ್ದಿದ್ರೆ ಯಾರೂ ಇಲ್ಲ ಅಂತ ಹೋಗು ಅಂತ."

ಇಪ್ಪತ್ತೆರಡು ವರ್ಷ ನಾವು ಒಬ್ಬರಾದರೂ ಮುಂದೆ ಬಂದು ಗಾಡಿಗೆ ಕೈ ಎತ್ತಿದವರಲ್ಲ. ಓದಿದವರು ಬೇರೆ. ನಾಚಿಕೆಗೇಡು.

ಪೊರಕೆಯಕ್ಕ ಅಳಲಿಲ್ಲ. ಡ್ರೈವರನನ್ನೇ ಪಿಳಿಪಿಳಿ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ನನ್ನ ನೋಡಿ ನಿಲ್ಲಿಸ್ತಿದ್ರಾ ಮೇಷ್ಟ್ರೇ? ಯಾರಾದ್ರೂ ಒಂದು ಮಾತು ಹೇಳಿದ್ರೆ ನಿನ್ನೆ ತೆವಳ್ಕೊಂಡಾದ್ರೂ ಬರ್ತಿದ್ದೆನಲ್ಲ."