ಬೂದಿಗುಂಡಿಯ ಅನೆಕೆ

ಅನೆಕೆಯಂಥ ಸುಳ್ಳುಗಾರ ಎನುಗು ಪಟ್ಟಣದ ರೈಲ್ವೆ ಶೆಡ್ಡಿನಲ್ಲಿ ಇನ್ನೊಬ್ಬನಿರಲಿಲ್ಲ. ಆದರೂ ಅವನನ್ನು ಬೈಯಲು ನನಗೆ ನಾಲಿಗೆ ಏಳುವುದಿಲ್ಲ, ಹಾಳಾದ್ದು.

ಅವನಪ್ಪ ಒನೋವೊ. ನಮ್ಮ ಬೆಟ್ಟದ ಕಲ್ಲಿದ್ದಲನ್ನು ಹಡಗಿಗೆ ಸಾಗಿಸಲು ಬಿಳಿಯರು ರೈಲುದಾರಿ ಹಾಕಿಸಿದಾಗ, ಊರ ಮುಖ್ಯಸ್ಥ ಹರೆಯದವರನ್ನೆಲ್ಲ ಬಿಟ್ಟಿ ಕೆಲಸಕ್ಕೆ ಅಟ್ಟಿದ್ದ. ಒನೋವೊ ಕಂಬಿ ಹೊತ್ತ. ಜೊತೆಗೆ ಹೋದ ತಮ್ಮ ತಿರುಗಿ ಬರಲಿಲ್ಲ. "ದಾರಿ ಮಾಡಿದೋನು ನಾನು, ಅದರ ಮೇಲೆ ಬಂಡಿ ಓಡಿಸೋನು ನನ್ನ ಮಗ" ಎಂದು ಊರಿಗೆಲ್ಲ ಸಾರುತ್ತಿದ್ದ. ಮಗನಿಗೆ ಸಿಕ್ಕಿದ್ದು ಇಂಜಿನ್ನಿನ ಕೆಳಗಿನ ಗುಂಡಿಗಿಳಿದು ಬೂದಿ ಕೆರೆಯುವ ಕೆಲಸ. ಊರಿಗೆ ಹೋದಾಗ ಮಾತ್ರ ಡ್ರೈವರ್!

"ಹೇಳಿಬಿಡೋ ಮಾರಾಯ, ಎಷ್ಟು ದಿನ ಅಂತ?" ಎಂದು ಜೊತೆಗೆ ಕೆಲಸ ಮಾಡುವ ನಾನು ಕೇಳಿದರೆ, "ಅಪ್ಪ ಊರೋರ ಮುಂದೆ ತಲೆ ಎತ್ತಿ ಓಡಾಡ್ತಾನೆ ಕಣೋ. ಅದನ್ನ ನಾನೇ ಹಾಳು ಮಾಡ್ಲಾ?" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಮುದುಕ ಬಂದೇಬಿಟ್ಟ, ದಾಯಾದಿ ಎಡಿಯೋಗನ ಜೊತೆಗೆ. ನಾನು ಗುಂಡಿಯ ಅಂಚಿನಲ್ಲಿ ನಿಂತು ಬೂದಿಗೆ ನೀರು ಹೊಯ್ಯುತ್ತಿದ್ದೆ. ಅಪ್ಪನ ದನಿ ಕೇಳಿದ್ದೇ ತಡ, ಗುಂಡಿಯಲ್ಲಿದ್ದ ಅನೆಕೆ ನನ್ನ ಕಾಲು ಹಿಡಿದುಕೊಂಡ. "ನಾನಿಲ್ಲ ಅನ್ನು, ದಮ್ಮಯ್ಯ!"

"ನಮ್ಮ ಡ್ರೈವರ್ ಅನೆಕೆ ಎಲ್ಲಪ್ಪ?" ಎಂದ ಎಡಿಯೋಗ.

"ಈಗಷ್ಟೇ ಬಂಡಿ ತಗೊಂಡು ಹೋದ" ಎಂದೆ, ತಲೆ ತಗ್ಗಿಸಿ.

"ಚೆನ್ನಾಯ್ತು! ಬಿಸಿಲಲ್ಲಿ ನಡ್ಕೊಂಡು ಬಂದ ಅಪ್ಪನಿಗೆ ಒಂದು ಕೋಲಾಕಾಯಿ ಕೊಡೋಕೂ ಪುರುಸೊತ್ತಿಲ್ವಾ? ತಾಳು, ಊರಲ್ಲಿ ಹೇಳ್ತೀನಿ."

ಬಂದವರ ಮುಂದೆ ಅಗಿಯಲು ಕೋಲಾಕಾಯಿ ಇಡದವನು ನಮ್ಮಲ್ಲಿ ಮನುಷ್ಯನೇ ಅಲ್ಲ. ಅಪ್ಪನಿಗೇ ಇಡಲಿಲ್ಲವೆಂದರೆ ಮುಗಿದೇ ಹೋಯಿತು.

ಒನೋವೊನ ಕಣ್ಣು ನನ್ನ ಪಾದದ ಮೇಲೆ ನೆಟ್ಟಿತ್ತು. ಬೂದಿ ಮೆತ್ತಿದ ಕೈಯೊಂದು ಅದನ್ನು ಹಿಡಿದೇ ಇತ್ತು. ಹೆತ್ತವನಿಗೆ ಮಗನ ಕೈ ಗುರುತು ಸಿಗದೇ ಇರುತ್ತದೆಯೇ? ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಎಡಿಯೋಗ ಬಾಯಿ ಬಿಟ್ಟುಕೊಂಡು ಇಂಜಿನ್ನಿನ ಚಿಮಣಿ ನೋಡುತ್ತಿದ್ದಾಗ, ಮುದುಕ ತನ್ನ ಚೀಲದಿಂದ ಕೋಲಾಕಾಯಿಯೊಂದನ್ನು ತೆಗೆದು ನನ್ನ ಅಂಗೈಗೆ ತುರುಕಿದ. ಆಮೇಲೆ ಜೋರಾಗಿ ಕೇಳಿದ: "ಲೋ ತಮ್ಮಾ, ನನ್ನ ಮಗ ಹೋಗೋವಾಗ ಏನಾದ್ರೂ ಕೊಟ್ಟು ಹೋದ್ನಾ?"

"ಹೌದಜ್ಜ, ಮರೆತೇಬಿಟ್ಟಿದ್ದೆ" ಎಂದು ಅದನ್ನೇ ಅವನಿಗೆ ಕೊಟ್ಟೆ.

ಕೋಲಾಕಾಯಿ ಮುರಿಯುವಾಗ ಸತ್ತ ಹಿರಿಯರೆಲ್ಲ ಬಂದು ಕೂತು ಕೇಳಿಸಿಕೊಳ್ಳುತ್ತಾರೆ; ಅವರೆದುರು ಸುಳ್ಳಾಡುವಂತಿಲ್ಲ. ಒನೋವೊ ಕಾಯಿಯನ್ನು ಮೇಲೆತ್ತಿ ಹಿರಿಯರನ್ನು ಒಬ್ಬೊಬ್ಬರಾಗಿ ಕರೆದ. ರೈಲುದಾರಿಯ ಕೆಲಸದಲ್ಲಿ ಸತ್ತ ತಮ್ಮನ ಹೆಸರು ಬಂದಾಗ ತಡವರಿಸಿದ. ಆಮೇಲೆ, "ಇದು ನನ್ನ ಮಗ, ಡ್ರೈವರ್ ಅನೆಕೆ, ಕೊಟ್ಟ ಕಾಯಿ" ಎಂದು ಮುರಿದ. ಎಡಿಯೋಗ ತನ್ನ ಪಾಲು ಅಗಿಯುತ್ತ ಬಾಯಿ ಮುಚ್ಚಿಕೊಂಡ.

ಅವರು ಹೋದರು. ಎಷ್ಟು ಕರೆದರೂ ಅನೆಕೆ ಮೇಲೆ ಬರಲಿಲ್ಲ.

"ಬಾರೋ, ನಿನ್ನ ಮಾನ ಉಳೀತಲ್ಲ!" ಎಂದೆ.

"ಯಾರ ಮಾನನೋ?" ಗುಂಡಿಯೊಳಗೆ ಅವನು ಬಿಕ್ಕುತ್ತಿದ್ದ. "ಸತ್ತ ಚಿಕ್ಕಪ್ಪನ ಎದುರಿಗೆ ಅಪ್ಪನ ಬಾಯಲ್ಲಿ ಸುಳ್ಳು ಹೇಳಿಸಿದೆನಲ್ಲೋ!"