ಮೂಲೆಯಲ್ಲಿ ಬರೆದ ಸಾಲು

ಮಂಜಲ್‌ಪುರದಲ್ಲಿ ಮಧ್ಯಾಹ್ನ ಒಂದಕ್ಕೆ ಅಂಗಡಿಯವರು ಶಟರ್ ಎಳೆದರೆಂದರೆ ನಾಲ್ಕರವರೆಗೆ ಒಂದು ಸೂಜಿಯೂ ಸಿಗುವುದಿಲ್ಲ. ವಡೋದರಾದ ಜನ ಮಧ್ಯಾಹ್ನದ ನಿದ್ದೆಯನ್ನು ವ್ರತದಂತೆ ಪಾಲಿಸುತ್ತಾರೆ. ನಾನೋ, ಹಗಲು ಮಲಗಿದರೆ ತಲೆನೋವು ಬರಿಸಿಕೊಂಡು ಏಳುವವಳು. ಇಡೀ ಸೊಸೈಟಿ ಗೊರಕೆ ಹೊಡೆಯುವ ಆ ಮೂರು ಗಂಟೆ ಏನು ಮಾಡಬೇಕೆಂದು ತಿಳಿಯದೆ, ಆರು ವರ್ಷದ ಹಿಂದೆ ಒಂದು ದಿನ, ಮಗಳು ಎಂಟನೇ ಕ್ಲಾಸಿನಲ್ಲಿ ಬಳಸಿ ಬಿಟ್ಟಿದ್ದ ವಾಟರ್‌ಕಲರ್ ಡಬ್ಬಿ ಎತ್ತಿಕೊಂಡು ಕೆಳಗಿಳಿದೆ. ಬೇವಿನ ಮರದ ಕೆಳಗೆ ಸಿಮೆಂಟಿನ ಬೆಂಚಿತ್ತು. ಎದುರಿಗೆ ಮುಚ್ಚಿದ ಇಸ್ತ್ರಿ ಅಂಗಡಿ. ಅದನ್ನೇ ಬರೆದೆ. ಅಂಗಡಿ ಓರೆಯಾಗಿ, ಈಗಲೋ ಆಗಲೋ ಬೀಳುವಂತೆ ಬಂತು. ಆದರೆ ಗಡಿಯಾರ ನೋಡಿದರೆ ಮೂರೂವರೆ ಆಗಿತ್ತು, ಅಷ್ಟು ಸಾಕಾಯಿತು.

ನನ್ನ ಯಜಮಾನರು ಬ್ಯಾಂಕಿನವರು. ಮದುವೆಯಾದ ಮೇಲೆ ಧಾರವಾಡದಿಂದ ಅಹಮದಾಬಾದು, ಅಲ್ಲಿಂದ ವಡೋದರಾ. ಅವರಿಗೆ ಮತ್ತೆ ಸೂರತ್ತಿಗೆ ವರ್ಗವಾದಾಗ ಮಗಳ ಓದಿಗೆಂದು ನಾನು ಇಲ್ಲೇ ಉಳಿದೆ. ಅವರು ಹಜೀರಾ ಕಡೆಯ ಬ್ರಾಂಚಿನಲ್ಲಿದ್ದಾರೆ, ಎರಡನೇ ಮತ್ತು ನಾಲ್ಕನೇ ಶನಿವಾರ ಬರುತ್ತಾರೆ. ಮಗಳು ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವಳು. ಹೀಗಾಗಿ ನನಗೆ ಸಂಸಾರವೇನೋ ಇತ್ತು, ಆದರೆ ಅದು ಯಾವಾಗಲೂ ಇನ್ನೆಲ್ಲೋ ಇರುತ್ತಿತ್ತು.

ಚಿತ್ರ ಬರೆಯಲು ನನಗೆ ಯಾರೂ ಕಲಿಸಲಿಲ್ಲ. ಇಲ್ಲಿನ ಬಿಸಿಲೇ ಬೈದು ಕಲಿಸಿತು. ಏಪ್ರಿಲ್‌ನಲ್ಲಿ ಆಕಾಶಕ್ಕೆ ನೀಲಿ ಹಚ್ಚಲು ಹೋದರೆ ಕುಂಚ ಬಲತುದಿ ಮುಟ್ಟುವಷ್ಟರಲ್ಲಿ ಎಡತುದಿ ಒಣಗಿ ಗೆರೆ ಬಿದ್ದಿರುತ್ತದೆ. ಜುಲೈನಲ್ಲಿ ಅದೇ ಆಕಾಶ ಸಂಜೆಯವರೆಗೂ ಒಣಗದೆ ಸತಾಯಿಸುತ್ತದೆ. ಬಿಳಿ ಬೇಕೆಂದರೆ ಬಿಳಿ ಬಣ್ಣ ಹಚ್ಚುವಂತಿಲ್ಲ, ಅಷ್ಟು ಜಾಗದ ಕಾಗದವನ್ನು ಮುಟ್ಟದೆ ಬಿಡಬೇಕು. ಕೊಯಾಲಿಯ ರಿಫೈನರಿ ಚಿಮಣಿಯ ತುದಿಯ ಬೆಂಕಿಯನ್ನು ಬರೆಯುವಾಗ ಇದು ಗೊತ್ತಾಗದೆ ನಾಲ್ಕು ಹಾಳೆ ಕೆಡಿಸಿದ್ದೆ. ಒಮ್ಮೆ ಕುಂಚವನ್ನು ನೀರಿನ ಡಬ್ಬಿಯ ಬದಲು ಚಹಾದಲ್ಲಿ ಅದ್ದಿದ್ದೂ ಉಂಟು. ಆಗ ಬರೆಯುತ್ತಿದ್ದ ಗೋಡೆಗೆ ಬಂದ ಬಣ್ಣ ಆಮೇಲೆ ಎಷ್ಟು ಒದ್ದಾಡಿದರೂ ಮತ್ತೆ ಬರಲಿಲ್ಲ.

ಪ್ರತಿ ಹಾಳೆಯ ಕೆಳಮೂಲೆಯಲ್ಲಿ ಪೆನ್ಸಿಲ್‌ನಿಂದ ಒಂದು ಸಾಲು ಬರೆದಿಡುವುದು ನನ್ನ ಪದ್ಧತಿ. ಮೊದಮೊದಲು ಅದು ಬಣ್ಣದ ಲೆಕ್ಕಾಚಾರವಷ್ಟೇ ಆಗಿತ್ತು. ‘ನೀಲಿ ಜಾಸ್ತಿಯಾಯಿತು.’ ‘ನೆರಳಿಗೆ ಕಂದು ಬೇಡ.’ ಬರಬರುತ್ತಾ ಸಾಲಿಗೂ ಚಿತ್ರಕ್ಕೂ ಸಂಬಂಧ ಕಡಿಯಿತು. ಸೂರಸಾಗರ ಕೆರೆಯ ಚಿತ್ರದ ಮೂಲೆಯಲ್ಲಿ, ‘ಇವತ್ತು ಮೂರೇ ಮಾತಾಡಿದೆ. ತರಕಾರಿಯವಳ ಜೊತೆ ಎರಡು, ಲಿಫ್ಟಿನಲ್ಲಿ ಒಂದು.’ ಪಕ್ಕದ ಮನೆಯ ಬಾಲ್ಕನಿಯ ಕೆಳಗೆ, ‘ಇವರ ಮನೆಯಲ್ಲಿ ಜಗಳವಾದರೂ ಆಗುತ್ತದೆ.’ ಹೀಗೆ. ಕನ್ನಡದಲ್ಲಿ ಬರೆದರೆ ಬೀಗ ಹಾಕಿದಂತೆ ಎಂದು ನಂಬಿದ್ದೆ. ನಮ್ಮ ಸೊಸೈಟಿಯಲ್ಲಿ ನನ್ನನ್ನು ಇವತ್ತಿಗೂ ಮದ್ರಾಸಿ ಬೆಹನ್ ಎನ್ನುತ್ತಾರೆ, ಧಾರವಾಡ ಎಲ್ಲಿದೆ ಎಂದು ವಿವರಿಸಿ ಸಾಕಾಗಿ ಬಿಟ್ಟಿದ್ದೇನೆ. ಅವರು ನನ್ನ ಚಿತ್ರದ ಪುಸ್ತಕ ತಿರುವಿ ಹಾಕಿ ಆ ಸಾಲುಗಳನ್ನು ಬೆರಳಿನಿಂದ ಸವರಿ, ಎಷ್ಟು ಸುಂದರ ಡಿಸೈನು ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಕಳ್ಳರೆದುರೇ ಕೀಲಿ ಕುಣಿಸುವ ಸುಖ ಅದರಲ್ಲಿತ್ತು.

ಮನೆಯಲ್ಲಿ ಕನ್ನಡ ಓದಬಲ್ಲವರು ಯಜಮಾನರೊಬ್ಬರೇ. ಅವರ ಭಯ ನನಗಿರಲಿಲ್ಲ. ಶನಿವಾರ ಬಂದವರು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಾ, ಪುಸ್ತಕವನ್ನು ಪಾಸ್‌ಬುಕ್ ತಿರುವಿದಂತೆ ಹೆಬ್ಬೆರಳಿನಿಂದ ಸರ್ರನೆ ತಿರುವಿ, “ಛಲೋ ಆಗ್ಯಾವ” ಎಂದು ವಾಪಸು ಕೊಡುತ್ತಿದ್ದರು. ಒಂದು ಸಲ ಬೇಕೆಂದೇ ಮೇಲಿನ ಹಾಳೆಯಲ್ಲಿ, ‘ಇದನ್ನು ಓದಿದರೆ ಒಂದು ಮಾತು ಕೇಳಿ’ ಎಂದು ಬರೆದಿಟ್ಟೆ. ಛಲೋ ಆಗ್ಯಾವ, ಎಂದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಯಜಮಾನರನ್ನು ನೋಡಲು ಸೂರತ್ತಿಗೆ ಹೋದಾಗ ಮಾತ್ರ ಒಮ್ಮೆ ಸಿಕ್ಕಿಬೀಳುವುದರಲ್ಲಿದ್ದೆ. ತಾಪಿ ಸೇತುವೆಯನ್ನು ಬರೆದು, ಅಲ್ಲೇ ಹತ್ತಿರದ ಉಡುಪಿ ಹೋಟೆಲಿನಲ್ಲಿ ಹಾಳೆ ಒಣಗಲೆಂದು ಮೇಜಿನ ಮೇಲೆ ಬಿಡಿಸಿಟ್ಟು ಕಾಫಿ ಕುಡಿಯುತ್ತಿದ್ದೆ. ಗಲ್ಲೆಯಲ್ಲಿದ್ದ ಮಾಲೀಕರು ಎದ್ದು ಬಂದರು. “ಕನ್ನಡದವರಾ ನೀವು? ಚಂದ ಉಂಟು ಮಾರಾಯ್ರೆ, ಸ್ವಲ್ಪ ನೋಡ್ಲಿಕ್ಕೆ ಕೊಡಿ” ಎಂದರು. ಇಷ್ಟು ವರ್ಷಕ್ಕೆ ಹೊರಗಿನವರ ಬಾಯಲ್ಲಿ ಅಪರೂಪವಾಗಿ ಕೇಳಿದ ಕನ್ನಡ! ಕಣ್ಣು ತುಂಬಿ ಬಂತು. ಆದರೂ ಹೆಬ್ಬೆರಳನ್ನು ಮೂಲೆಯ ಸಾಲಿನ ಮೇಲೆ ಒತ್ತಿಕೊಂಡೇ ತೋರಿಸಿದೆ. ಎರಡನೇ ಹಾಳೆ ತಿರುವಲು ಅವರು ಕೈ ಚಾಚಿದಾಗ, ರೈಲಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ ಎದ್ದು ಬಂದೆ. ಮಾತಿಗೆ ಹಸಿದು ಕೂತವಳು ಬಡಿಸಿದ ಎಲೆ ಬಿಟ್ಟು ಎದ್ದಂತಾಯಿತು.

ಈ ವರ್ಷ ಮಗಳ ಓದು ಮುಗಿಯಿತು. ಎರಡು ಕಡೆ ಕೆಲಸ ಸಿಕ್ಕಿತು. ಒಂದು ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷದ ಮಕರಪುರಾದಲ್ಲಿ, ಇನ್ನೊಂದು ಅಹಮದಾಬಾದಿನಲ್ಲಿ. ಅವಳು ಮಕರಪುರಾ ಎಂದೇ ಹೇಳುತ್ತಿದ್ದಳು. ಕೇಳಿ ನನಗೆ ಜೀವ ಬಂದಂತಾಗಿತ್ತು. ಅವಳು ಇಲ್ಲೇ ಇರಬೇಕು, ಸಂಜೆ ಬಾಗಿಲಲ್ಲಿ ಚಪ್ಪಲಿಯ ಸದ್ದಾಗಬೇಕು, ಇದಿಷ್ಟೇ ನನ್ನ ಆಸೆ. ಆದರೆ ಹೇಳಿದರೆ ಎಲ್ಲಿ ಅವಳ ಕಾಲಿಗೆ ತೊಡಕಾಗುತ್ತೇನೋ ಎಂದು ಬಾಯಿ ಬಿಡಲಿಲ್ಲ. “ನಿನ್ನ ಇಷ್ಟ” ಎಂದೆ. ನಾವು ಹೆಂಗಸರು ಈ ಎರಡು ಶಬ್ದ ಹೇಳಿ ಎಷ್ಟು ಮನೆ ಹಾಳು ಮಾಡಿಕೊಂಡಿದ್ದೇವೋ.

ಆ ವಾರವೇ ಅವಳು ನನ್ನ ಮೂರೂ ಪುಸ್ತಕ ಕೇಳಿ ತೆಗೆದುಕೊಂಡಳು. ಚಿತ್ರಗಳ ಫೋಟೊ ತೆಗೆದು ನನ್ನದೊಂದು ಪೇಜ್ ಮಾಡುತ್ತಾಳಂತೆ. ಅವಳಿಗೆ ಕನ್ನಡ ಮಾತಾಡಲು ಅಷ್ಟಿಷ್ಟು ಬರುತ್ತದೆ, ಅಕ್ಷರ ಒಂದೂ ಬರುವುದಿಲ್ಲ. ನಿಶ್ಚಿಂತೆಯಿಂದ ಕೊಟ್ಟೆ. ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡೇ ಇದ್ದಳು. ಮೂರನೇ ದಿನ ಪುಸ್ತಕಗಳನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, “ಮಮ್ಮಿ, ನಾ ಅಹಮದಾಬಾದ್ ಹೋಗ್ತೀನಿ” ಎಂದಳು. ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. “ಛಲೋ ಆತು” ಎಂದೆ. ಸಾಸಿವೆ ಸೀದುಹೋಯಿತು. ಯಾಕೆ ಎಂದು ಕೇಳಲಿಲ್ಲ. ನನ್ನನ್ನು ಬಿಟ್ಟು ಹೋಗುವವಳಿಗೆ ಕಾರಣ ಕೇಳುವುದೇನು ಎಂಬ ಸೊಕ್ಕು. ಅವಳೂ ಹೇಳಲಿಲ್ಲ. ಹದಿನೈದು ದಿನದಲ್ಲಿ ಎರಡು ಸೂಟ್‌ಕೇಸ್ ಹೊರಟವು.

ಅವಳು ಹೋದ ಮೇಲೆ ಮೂರು ಗಂಟೆಯ ಮಧ್ಯಾಹ್ನ ಇಡೀ ದಿನಕ್ಕೆ ಹರಡಿಕೊಂಡಿತು. ಬಣ್ಣದ ಡಬ್ಬಿ ತೆಗೆದುಕೊಂಡು ಬೆಂಚಿಗೆ ಹೋಗಿ ಕೂರುತ್ತಿದ್ದೆ, ಬಿಲ್ಲೆಗಳು ಒಣಗಿ ಬಿರುಕು ಬಿಡುವವರೆಗೆ ಕುಂಚ ಒದ್ದೆ ಮಾಡಲಿಲ್ಲ. ಅನ್ನ ಮಾಡಿದರೆ ಎರಡು ದಿನಕ್ಕೆ ಬರುತ್ತಿತ್ತು. ಯಜಮಾನರು ಫೋನಿನಲ್ಲಿ, “ಊಟ ಆತೇನು?” ಎಂದು ಕೇಳುತ್ತಿದ್ದರು. ಆತು ಎನ್ನುತ್ತಿದ್ದೆ. ಅಲ್ಲಿಗೆ ಆ ದಿನದ ಮಾತು ಮುಗಿಯುತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಅಹಮದಾಬಾದಿಗೆ ಹೋದೆ. ಮಗಳು ಸ್ಟೇಷನ್ನಿಗೆ ಬಂದಿದ್ದಳು, ಸ್ವಲ್ಪ ಬಡಕಲಾಗಿದ್ದಳು. ಹಳೇ ಊರಿನ ಓಣಿಗಳಲ್ಲಿ, ಹಕ್ಕಿಗಳಿಗೆ ಕಾಳು ಹಾಕುವ ಕೆತ್ತನೆಯ ಕಂಬವೊಂದರ ಎದುರು, ಯಾರದೋ ಜಗಲಿಯ ಮೇಲೆ ಕೂತೆವು. ಅವಳಿಗೆಂದು ಮಂಡಕ್ಕಿ ಸೂಸಲ ಮಾಡಿಕೊಂಡು ಹೋಗಿದ್ದೆ. ತಿನ್ನುತ್ತಾ ತಿನ್ನುತ್ತಾ, ತೀರಾ ಸಹಜವಾಗಿ ಕೇಳಿದಳು.

“ಮಮ್ಮಿ, ಊರಿಗೆ ಯಾವಾಗ ಹೋಗ್ತಿ?”

“ಯಾವ ಊರಿಗೆ?”

“ಧಾರವಾಡ. ಈಗ ನಾ ಇಲ್ಲಲ್ಲ ಮನ್ಯಾಗ.”

ನನಗೆ ಅರ್ಥವಾಗಲಿಲ್ಲ. ಅವಳು ಫೋನ್ ತೆಗೆದು ಒಂದು ಫೋಟೊ ತೋರಿಸಿದಳು. ನಮ್ಮ ಬೇವಿನ ಮರ. ಅದರ ಕೆಳಮೂಲೆಯಲ್ಲಿ ನನ್ನ ಪೆನ್ಸಿಲ್ ಅಕ್ಷರ. ಅವಳು ಬೆರಳು ಒತ್ತಿದಳು, ಕನ್ನಡದ ಮೇಲೆ ಇಂಗ್ಲಿಷ್ ಬಂದು ಕೂತಿತು. ಫೋಟೊ ತೆಗೆಯಲು ಕೂತಾಗ ಫೋನು ತಾನಾಗಿಯೇ, ಅನುವಾದ ಬೇಕೇ ಎಂದು ಕೇಳಿತಂತೆ. “ನಾ ಎಲ್ಲಾ ಓದೀನಿ ಮಮ್ಮಿ. ಮೂರೂ ಬುಕ್” ಎಂದಳು.

ಆ ಸಾಲು ನನಗೆ ಕನ್ನಡದಲ್ಲೇ ನೆನಪಾಯಿತು. ‘ಇವಳೊಬ್ಬಳು ಇಲ್ಲದಿದ್ದರೆ ನಾನು ಎಂದೋ ಊರಿಗೆ ಹೋಗಿರುತ್ತಿದ್ದೆ.’ ಎರಡು ವರ್ಷದ ಹಿಂದೆ ಅವಳ ಗೆಳತಿಯರು ಮನೆಗೆ ಬಂದಿದ್ದರು. ನಾನು ಕನ್ನಡದಲ್ಲಿ ಏನೋ ಕೇಳಿದೆ, ಅವರು ನಕ್ಕರು, ಅವಳೂ ಅವರ ಜೊತೆ ನಕ್ಕಳು. ಸಿಟ್ಟಿನಿಂದ ಕೆಳಗಿಳಿದು ಬೇವಿನ ಮರ ಬರೆದು ಆ ಸಾಲು ಗೀಚಿದ್ದೆ. ಸಂಜೆಯ ಹೊತ್ತಿಗೆ ಸಿಟ್ಟು ಇಳಿದು ಅವಳಿಗೆ ತಾಲಿಪಟ್ಟಿ ತಟ್ಟುತ್ತಿದ್ದೆ. ಅದನ್ನು ಯಾವ ಹಾಳೆಯಲ್ಲೂ ಬರೆಯಲಿಲ್ಲ. ಸಮಾಧಾನವಾದ ದಿನ ಯಾರು ಬರೆಯುತ್ತಾರೆ? ಇನ್ನು ಊರಿನ ಮಾತು. ಅಪ್ಪನ ಮನೆ ಮಾರಿ ವರ್ಷಗಳಾದವು, ಅಲ್ಲೀಗ ಮೊಬೈಲ್ ಅಂಗಡಿಗಳ ಸಾಲಿದೆ. ಊರು ನನಗೆ ಸಿಟ್ಟು ಬಂದಾಗ ಹೇಳಲು ಬೇಕಾದ ಮಾತು. ಹೋಗಿ ಇಳಿಯಲು ಅಲ್ಲಿ ನನಗೊಂದು ಬಾಗಿಲೂ ಇಲ್ಲ.

ಇದನ್ನೆಲ್ಲ ಕನ್ನಡದಲ್ಲಿ ಹೇಳತೊಡಗಿದೆ. ಅರ್ಧದಲ್ಲೇ ಅವಳ ಮುಖ ನೋಡಿ ತಿಳಿಯಿತು, ಊಟ-ತಿಂಡಿಯ ಮಾತು ದಾಟಿದರೆ ಕನ್ನಡ ಅವಳಿಗೆ ದಕ್ಕುವುದಿಲ್ಲ. ಮಗಳ ಜೊತೆ ಗುಜರಾತಿ ಆಡಬಾರದೆಂದು ಅವಳು ಹುಟ್ಟಿದ ದಿನ ಪಣ ತೊಟ್ಟವಳು ನಾನು. ಆ ಜಗಲಿಯ ಮೇಲೆ ಮೊದಲ ಸಲ, ತರಕಾರಿಯವಳ ಹತ್ತಿರ ಕಲಿತ ಮುರುಕು ಗುಜರಾತಿಯಲ್ಲಿ, ಅದು ಸಿಟ್ಟಿನ ಮಾತು ಮಗಳೇ, ನೀನಿಲ್ಲದೆ ನನಗೆ ಮನೆಯೊಳಗೆ ಕಾಲಿಡಲು ಆಗುವುದಿಲ್ಲ, ಬಂದುಬಿಡು ಎಂದೆ. ಹೇಳುತ್ತಾ ಅತ್ತುಬಿಟ್ಟೆ.

ಅವಳು ಕೈಯಲ್ಲಿದ್ದ ಮಂಡಕ್ಕಿಯನ್ನು ಡಬ್ಬಿಗೆ ವಾಪಸು ಹಾಕಿದಳು. ಇಲ್ಲಿ ಎರಡು ವರ್ಷ ಕೆಲಸ ಬಿಡುವಂತಿಲ್ಲವಂತೆ, ಹಾಗೆಂದು ಸಹಿ ಮಾಡಿಕೊಟ್ಟಿದ್ದಾಳಂತೆ. ಮಕರಪುರಾದವರು ಬೇರೆ ಯಾರನ್ನೋ ತೆಗೆದುಕೊಂಡಾಗಿದೆಯಂತೆ.

ಸಂಜೆ ಪ್ಲಾಟ್‌ಫಾರಂ ಮೇಲೆ ನನ್ನ ಕೈ ಹಿಡಿದುಕೊಂಡೇ ನಿಂತಿದ್ದಳು. ಚಿಕ್ಕವಳಿದ್ದಾಗಲೂ ಹಾಗೆ ಹಿಡಿದವಳಲ್ಲ.

“ಹಂಗಾರ ನಾ ಯಾಕ ಬಂದೆ ಮಮ್ಮಿ ಇಲ್ಲಿ?” ಎಂದು ಕೇಳಿದಳು.

ನನಗಾಗಿ ಬಂದಿದ್ದಳು. ಅದನ್ನು ಯಾವ ಭಾಷೆಯಲ್ಲಿ ಹೇಳಲಿ ಎಂದು ಯೋಚಿಸುತ್ತಿರುವಾಗಲೇ ರೈಲು ಬಂತು, ಜನ ನೂಕಿದರು, ನಾನು ಹತ್ತಿದೆ.