ಹೆಂಡತಿಯ ಆಳು

ಜೋಬ್ ಟ್ರಾಂಟರ್ ಮತ್ತು ನಾನು ಒಂದೇ ಹಡಗಿನಲ್ಲಿ, ಒಂದೇ ಸರಪಳಿಯಲ್ಲಿ ಸಿಡ್ನಿಗೆ ಬಂದವರು. ಅವನು ವಿಲಾಯತಿಯ ಡಡ್ಲಿ ಕಡೆಯವನು, ಮೊಳೆ ತಯಾರಿಸುವ ಕಮ್ಮಾರ. ಕದ್ದದ್ದು ಧಣಿಯ ಒಂದು ಚೀಲ ಕಬ್ಬಿಣ, ಸಿಕ್ಕಿದ್ದು ಏಳು ವರ್ಷದ ಗಡೀಪಾರು. ನಾನು ಕದ್ದದ್ದು ಕುದುರೆ, ನನ್ನದು ಜೀವಾವಧಿ. ಸಿಡ್ನಿ ಪಕ್ಕದ ಪರಮಟ್ಟಾ ಊರಲ್ಲಿ ನನ್ನ ಕೈಗೆ ಚಾವಟಿ ಕೊಟ್ಟರು. ಕೈದಿಗೆ ಹೊಡೆಯಲು ಕೈದಿಯನ್ನೇ ಇಟ್ಟರೆ ಸರ್ಕಾರಕ್ಕೆ ನಿಶ್ಚಿಂತೆ. ಆಮೇಲೆ ನನ್ನ ಪಕ್ಕ ಕೂತು ಉಣ್ಣುತ್ತಿದ್ದವನು ಜೋಬ್ ಒಬ್ಬನೇ.

ಜೋಬ್ ಪೆದ್ದ. ಉಳಿದವರು ಇಲ್ಲೇ ಹೊಸ ಹೆಣ್ಣು ಹುಡುಕುತ್ತಿದ್ದರೆ ಇವನು ಊರಲ್ಲಿದ್ದ ಹೆಂಡತಿ ಕೆಜಾಯಾಗೆ ಕಾಗದದ ಮೇಲೆ ಕಾಗದ ಬರೆಸಿದ. ನಾಲ್ಕು ವರ್ಷ ದೂರಿಲ್ಲದೆ ದುಡಿದರೆ ಬಿಡುಗಡೆ ಚೀಟಿ ಸಿಗುತ್ತದೆ, ಆಮೇಲೆ ನಾನು ಯಾರ ಆಳೂ ಅಲ್ಲ, ಬಾ ಎಂದು. ದಿಕ್ಕಿಲ್ಲದ ಬಡವರ ಧರ್ಮಛತ್ರದ ಗಂಜಿ ಕುಡಿದು ಸಾಕಾಗಿದ್ದ ಅವಳು ಮೂರನೇ ವರ್ಷದ ಕೊನೆಗೆ ಬಂದೇಬಿಟ್ಟಳು.

ಕೈದಿಗಳನ್ನು ಸ್ವತಂತ್ರರ ಮನೆಗೆ ಆಳಾಗಿ ಕೊಡುವುದು ನಮ್ಮಲ್ಲಿ ರೂಢಿ. ಹೆಂಡತಿ ಸ್ವತಂತ್ರಳಾಗಿ ಬಂದರೆ ಗಂಡನನ್ನು ಅವಳಿಗೇ ಬರೆದುಕೊಡುವುದೂ ಉಂಟು. ಜೋಬ್ ತಾನೇ ಅರ್ಜಿ ಹಾಕಿ ಹೆಂಡತಿಯ ಆಳಾದ. ನಮಗೆಲ್ಲ ಹೊಟ್ಟೆಕಿಚ್ಚು.

ಕೆಜಾಯಾ ಸಿಪಾಯಿಗಳ ಬಟ್ಟೆ ಒಗೆಯುವ ಕೆಲಸ ಹಿಡಿದಳು. ಜೋಬ್ ಸೌದೆ ಒಡೆದ, ನೀರು ಹೊತ್ತ. ಒಂಬತ್ತು ತಿಂಗಳಲ್ಲಿ ಸಾರ್ಜೆಂಟ್ ಪಿಮ್ ಎಂಬವನು ಬಟ್ಟೆ ಕೊಡಲು ಬಂದು ಕೂತವನು ಏಳಲೇ ಇಲ್ಲ. ಜೋಬ್‌ನ ಹಾಸಿಗೆ ಕೊಟ್ಟಿಗೆಗೆ ಹೋಯಿತು. ಚೀಟಿಗೆ ಆರೇ ವಾರ, ಒಂದು ದೂರು ಬಿದ್ದರೂ ಅದು ಕೈತಪ್ಪುತ್ತದೆ, ಬಾಯಿ ಮುಚ್ಚಿಕೊಂಡಿರು ಎಂದು ನಾನು ಬುದ್ಧಿ ಹೇಳಿದೆ. ಮುಚ್ಚಿಕೊಂಡೇ ಇದ್ದ, ಪಿಮ್ ಬೂಟು ಬಿಚ್ಚು ಎಂದು ಅವನ ಮುಂದೆ ಕಾಲು ಚಾಚುವ ತನಕ. ಅವತ್ತು, ಇದು ನನ್ನ ಮನೆ, ಹೊರಗೆ ನಡಿ ಎಂದುಬಿಟ್ಟ.

ಮರುದಿನ ಕೆಜಾಯಾ ಮ್ಯಾಜಿಸ್ಟ್ರೇಟರ ಮುಂದೆ ನಿಂತಳು. ಆಳು ಎದುರು ಮಾತಾಡುತ್ತಾನೆ ಎಂದು ದೂರು.

"ಇವಳು ನಿನ್ನ ಒಡತಿ ಹೌದೋ ಅಲ್ಲವೋ?" ಎಂದು ಅವರು ಜೋಬ್‌ನನ್ನು ಕೇಳಿದರು.

"ನನ್ನ ಹೆಂಡ್ತಿ, ಸ್ವಾಮಿ."

"ನಾನು ಕೇಳಿದ್ದು ಅದಲ್ಲ."

ಜೋಬ್ ಅವಳ ಕಡೆ ತಿರುಗಿದ. "ಕೆಜಾಯಾ, ಇನ್ನು ಆರೇ ವಾರ ಕಣೇ. ದೂರು ವಾಪಸ್ ತಗೋ. ಅವನ ಬೂಟು ನಾನೇ ಬಿಚ್ತೀನಿ."

"ನೋಡಿ ಸ್ವಾಮಿ," ಎಂದಳು ಅವಳು, "ನನ್ನನ್ನ ಹೆಸರು ಹಿಡಿದು ಕರೀತಾನೆ."

ಐವತ್ತು ಏಟು ಬರೆದರು. ಮೆಲ್ಲಗೆ ಹೊಡೆಯಬಹುದಿತ್ತಲ್ಲ ಎಂದು ನೀವು ಸುಲಭವಾಗಿ ಹೇಳುತ್ತೀರಿ. ಮೆಲ್ಲಗೆ ಹೊಡೆದವನನ್ನು ಅದೇ ಕಂಬಕ್ಕೆ ಕಟ್ಟುತ್ತಾರೆ. ನನಗೆ ನಾಚಿಕೆಯಾಯಿತು, ಆದರೂ ಬಲವಾಗಿಯೇ ಹೊಡೆದೆ. ಜೋಬ್ ಹಲ್ಲು ಕಚ್ಚಿಕೊಂಡಿದ್ದ.

ಕಟ್ಟು ಬಿಚ್ಚುವ ಮೊದಲು ಗುಮಾಸ್ತ ವಾಡಿಕೆಯಂತೆ ಒಡತಿಯನ್ನು ಕೇಳಿದ, ಆಳನ್ನು ಮನೆಗೆ ಕರೆದೊಯ್ಯುತ್ತೀರೋ, ಸರ್ಕಾರಕ್ಕೆ ಒಪ್ಪಿಸುತ್ತೀರೋ ಎಂದು. ಒಪ್ಪಿಸಿದರೆ ಕಾಲಿಗೆ ಕಬ್ಬಿಣ ತೊಡಿಸಿ ರಸ್ತೆಯ ಕಲ್ಲು ಒಡೆಯಲು ಕಳಿಸುತ್ತಾರೆ, ಅಲ್ಲಿಂದ ಗಟ್ಟಿಯಾಗಿ ಹಿಂದಿರುಗಿದವರು ಕಡಿಮೆ.

ಕೆಜಾಯಾ ಹತ್ತಿರ ಬಂದು ಅವನ ಬೆನ್ನು ನೋಡಿದಳು.

"ಈ ಬೆನ್ನಿಟ್ಕೊಂಡು ಇವನು ನೀರು ಹೊರೋದು ಯಾವಾಗ? ಬೇರೆ ಆಳು ಕೊಡಿ."

ಐವತ್ತು ಏಟಿಗೂ ಬಾಯಿ ಬಿಡದವನು ಆಗ ಅತ್ತ. ನಾನು ಹಗ್ಗ ಬಿಚ್ಚುತ್ತಿದ್ದೆ, ಮುಖ ನೋಡುವ ಧೈರ್ಯವಾಗಲಿಲ್ಲ. ಸೋಮವಾರ ಅವಳ ಮನೆಗೆ ಹೊಸ ಆಳು ಬಂದ.